ನಲವತ್ತೊಂದನೆಯ ಕಾಯಿ

ಇಪ್ಪತ್ತಾರು ತುಂಬುವುದರೊಳಗೆ ನಾಲ್ಕನೆಯ ದಾನ್ ಏರದಿದ್ದರೆ
ಕಾಯಿ ಕೆಳಗಿಟ್ಟು ಮನೆಗೆ ಹೋಗಬೇಕು. ಅದು ನಿಯಮ.
ನನಗೀಗ ಇಪ್ಪತ್ತೈದೂವರೆ.
ಅಲ್ಲಿಯವರೆಗೆ ಉಳಿದವರ ಆಟಕ್ಕೆ ಲೆಕ್ಕ ಬರೆಯುವವನು,
ಒಸಾಕಾದ ಶೋಗಿ ಭವನದಲ್ಲಿ ಮಂಡಿಯೂರಿ
ಸೆಕೆಂಡು ಎಣಿಸುವವನು.

ಇವತ್ತು ಇವಾಕಿ ಶಿಗೆಹರು ಅವರ ಕೊನೆಯ ಆಟ.
ಪತ್ರಿಕೆಯವರು ಯಾರೂ ಬಂದಿಲ್ಲ.
ಮಧ್ಯಾಹ್ನಕ್ಕೆ ಎಂದಿನಂತೆ ಉದೋನ್ ತರಿಸಿದರು,
ಎಂದಿನಂತೆ ಅರ್ಧ ಬಿಟ್ಟರು.

ಸಕಾಯಿ ಊರಲ್ಲಿ ಚೂರಿ ಮಸೆಯುವವನ ಮಗ.
ಸಾಣೆಕಲ್ಲಿನ ನೀರು ಸಿಡಿಯುವ ಬೆಂಚಿನ ಮೇಲೆ
ಏಳನೆಯ ವಯಸ್ಸಿಗೆ ಮೊದಲ ಮಣೆ.
ಕುದುರೆ ಹೇಗೆ ಹಾರುತ್ತದೆಂದು ಹೇಳುವ ಮುಂಚೆಯೇ
ಅಪ್ಪ ಒಂದು ಪದ ಬಾಯಿಪಾಠ ಮಾಡಿಸಿದನಂತೆ:
'ಸೋತೆ.'
ಗಟ್ಟಿಯಾಗಿ. ತಲೆ ಬಾಗಿಸಿ.
ಎದುರಿನವನಿಗೆ ಕೇಳಿಸಬೇಕು, ನಿನಗೂ ಕೇಳಿಸಬೇಕು.

ನಮ್ಮಾಟದಲ್ಲಿ ಗೆದ್ದವನಿಗೆ ಮಾತಿಲ್ಲ.
ಸೋತವನು ಬಾಯಿಬಿಟ್ಟ ಮೇಲೆಯೇ ಆಟ ಮುಗಿಯುವುದು.
ಹಾಗೆ ಇವಾಕಿಯವರು ಮೂವತ್ತಾರು ವರ್ಷದಲ್ಲಿ ಮುಗಿಸಿದ್ದು
ಆರುನೂರ ಹದಿನೇಳು ಆಟ.
ಹೆಂಡತಿ ಹೆತ್ತ ದಿನ ಒಂದು.
ಅಪ್ಪನ ಅಸ್ಥಿ ಆಯ್ದ ಮಾರನೆಯ ದಿನ ಒಂದು.
ಹಲ್ಲುನೋವಿನಲ್ಲಿ ಎರಡು.
ಒಮ್ಮೆ ಒಬ್ಬ ಚಿಗುರುಮೀಸೆಯವನೆದುರು; ಅವನೀಗ
ಟೀವಿಯಲ್ಲಿ ಟೀಪುಡಿ ಮಾರುತ್ತಾನೆ.
ಗೆದ್ದದ್ದೂ ಇದೆ, ನಾನೂರ ಎಂಬತ್ತೆರಡು.
ಅವನ್ನು ಕೇಳಿದರೆ 'ನೆನಪಿಲ್ಲಪ್ಪ' ಎನ್ನುತ್ತಾರೆ.

ಸೆರೆಸಿಕ್ಕ ಕಾಯಿ ಇಲ್ಲಿ ಸಾಯುವುದಿಲ್ಲ;
ಹಿಡಿದವನ ಕೈಯಿಂದ ಮತ್ತೆ ಮಣೆಗಿಳಿದು
ನಿನ್ನೆಯ ಒಡೆಯನ ಮೇಲೆಯೇ ಏರಿ ಹೋಗುತ್ತದೆ.
ಉಂಡ ಮನೆಗೆ ಎರಡು ಬಗೆಯಿತೆಂದು ಯಾರೂ ದೂರುವುದಿಲ್ಲ.
ಬಣ್ಣವಿಲ್ಲ ಕಾಯಿಗಳಿಗೆ.
ಚೂಪು ಯಾರತ್ತ ತಿರುಗಿದೆಯೋ ಅವನೇ ವೈರಿ.

ರಾತ್ರಿ ಹತ್ತು ದಾಟಿತು. ಇಬ್ಬರಿಗೂ ಕೊನೆಯ ನಿಮಿಷಗಳು.
'ಮೂವತ್ತು ಸೆಕೆಂಡು.' 'ನಲವತ್ತು.' ನನ್ನ ದನಿ.
ಎದುರಾಳಿ ತಕೆಬೆ, ಹೊಸ ಸೂಟಿನ ತೋಳಲ್ಲಿ
ಬೆಲೆಚೀಟಿಯ ದಾರ ಇನ್ನೂ ಇದೆ,
ನನ್ನ ಜೊತೆ ಕಲಿತವನು, ನನಗಿಂತ ಕಿರಿಯ,
ಬಂಗಾರವನ್ನು ಒಂದು ಮನೆ ಬದಿಗೆ ಸರಿಸಿದ.
ತಪ್ಪು.
ನನಗೆ ಕಂಡಿತು: ಹದಿಮೂರು ನಡೆಗೆ ರಾಜ ಸೆರೆ.
ಲೆಕ್ಕ ಬರೆಯುವವನಿಗೆ ಕಂಡದ್ದಕ್ಕೆ ಬೆಲೆಯಿಲ್ಲ.
'ಐವತ್ತು. ಒಂದು, ಎರಡು, ಮೂರು...'
ಎಂಟಕ್ಕೆ ಇವಾಕಿಯವರ ಕೈ ಎದ್ದಿತು.
ಕುದುರೆ ಇಳಿಯಿತು. ಟಪ್.

ತಕೆಬೆ ನೀರು ಕುಡಿದ. ಟೈ ಸರಿಮಾಡಿಕೊಂಡ.
'ಸೋತೆ' ಎಂದು ತಲೆ ಬಾಗಿಸಿದ.
ಅದೇ ಗಳಿಗೆಗೆ ಇವಾಕಿಯವರೂ ಬಾಗಿದರು, ಇನ್ನೂ ಆಳಕ್ಕೆ,
ತುಟಿ ಅರ್ಧ ತೆರೆದು, ಅಭ್ಯಾಸಬಲ,
'ಸೋ' ತನಕ ಬಂದು ನಿಂತಿತು.
ಅದನ್ನು ನಾನು ಬರೆಯಲಿಲ್ಲ. ಹಾಳೆಯಲ್ಲಿ ಅದಕ್ಕೆ ಮನೆಯಿಲ್ಲ.

ಆಮೇಲೆ ಒಂದು ಗಂಟೆ ಆಟವನ್ನು ಹಿಂದಕ್ಕೆ ನಡೆಸಿ ನೋಡಿದರು.
'ಇಲ್ಲಿ ನೀವು ಹೆದರಿದಿರಿ,' ಎಂದರು ಇವಾಕಿ,
'ನಾನೂ ಹೆದರಿದ್ದೆ. ನಿಮಗದು ಕಾಣಲಿಲ್ಲ.'

ಎಲ್ಲರೂ ಹೋದರು. ಕಾಯಿ ಒರೆಸಿ ಚೀಲಕ್ಕೆ ತುಂಬಿದೆ.
ನಲವತ್ತು. ಪೆಟ್ಟಿಗೆಯ ತಳದಲ್ಲಿ ಇನ್ನೊಂದು:
ಕಳೆದರೆ ಇರಲೆಂದು ತೆಂದೋ ಊರಿನವರು ಕೆತ್ತಿ ಕಳಿಸಿದ
ಹೆಚ್ಚುವರಿ ಕಾಲಾಳು.
ಇಷ್ಟು ವರ್ಷ ಒಂದು ಮನೆಯನ್ನೂ ತುಳಿದಿಲ್ಲ,
ಅಂಚು ಸವೆದಿಲ್ಲ.
ಎತ್ತಿ ಖಾಲಿ ಮಣೆಯ ನಡುವೆ ಇಟ್ಟೆ.
ಚೂಪು ಯಾರ ಕಡೆಗೆ ಎಂದು
ಸ್ವಲ್ಪ ಹೊತ್ತು ಯೋಚಿಸಿದೆ.
ಕೆಳಗೆ ಕಾವಲುಗಾರ ಒಂದೊಂದೇ ದೀಪ ಆರಿಸುತ್ತಿದ್ದ.
'ಐವತ್ತು ಸೆಕೆಂಡು,' ಎಂದೆ, ನನಗೇ.