ಏಕವಚನ

ಹಟ್ಟಿಯ ಗಣಿಗೆ ಇಳಿಯುವ ಮುಂಚೆ
ಎಲ್ಲರೂ ಒಂದೊಂದು ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳುತ್ತೇವೆ.
ಮೇಲೆ ಬಂದು ಮೊಳೆಗೆ ಸಿಗಿಸಿದರೆ
ಬದುಕಿದ್ದೇವೆಂದು ಲೆಕ್ಕ.
ಒಂದು ಮೊಳೆ ಖಾಲಿ ಉಳಿದರೆ
ನಂಬರು ಹಿಡಿದು ಹುಡುಕುತ್ತಾರೆ.
ಹೆಸರು ಯಾರೂ ಕೇಳುವುದಿಲ್ಲ.

ನಾನು ಕಾತರಕಿ ಸಾಹೇಬ.
ಬಂದ ದಿನವೇ ಹಾಗಾಯಿತು, ಇಪ್ಪತ್ತಾರರ ಹುಡುಗ,
ಹೆಲ್ಮೆಟ್ಟಿನ ಪಟ್ಟಿ ಬಿಗಿಯಲೂ ಬಾರದವನು.
ಅಪ್ಪನ ವಯಸ್ಸಿನವರು ಎದ್ದು
"ನಮಸ್ಕಾರ್ರೀ ಸಾಹೇಬ್ರ" ಎಂದಾಗ
ಹಿಂದೆ ತಿರುಗಿ ನೋಡಿದ್ದೆ, ಯಾರು ಬಂದರೆಂದು.

ಆಮೇಲೆ ತಿರುಗುವುದನ್ನು ಬಿಟ್ಟೆ.
ಅವರನ್ನು ನಾನು ಕರೆದದ್ದು
ಟಿಂಬರ್ ಮೇಸ್ತ್ರಿ, ಡ್ರಿಲ್ಲರ್, ಟ್ರಾಮರ್,
ಇಲ್ಲವೇ ಬರೀ "ಏ, ಇಲ್ಲಿ ಬಾ".
ನಮ್ಮ ಕಡೆ ಮಾತಿನ ತುದಿಗೊಂದು 'ರೀ' ಇರುತ್ತದೆ,
ಕುರಿಯ ಕಿವಿಗೆ ಕೊಯ್ದ ಗುರುತಿನ ಹಾಗೆ.
ಯಾವುದು ಯಾರ ಹಿಂಡು
ದೂರದಿಂದಲೇ ತಿಳಿಯುತ್ತದೆ.

ಅವತ್ತು ಎರಡನೇ ಪಾಳಿ.
ಎರಡು ಸಾವಿರದ ನಾನೂರು ಅಡಿ ಕೆಳಗೆ
ಬಂಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ.
ಬೆನ್ನ ಹಿಂದಿನಿಂದ
"ಚಿದ್ಯಾ! ಸರಿಯಲೇ!"

ಸರಿದೆ.
ನಾನು ನಿಂತಿದ್ದಲ್ಲಿ ಎಮ್ಮೆಯಷ್ಟು ಕಲ್ಲು ಮಲಗಿತ್ತು.
ಧೂಳಿನಲ್ಲಿ ತಲೆದೀಪಗಳು
ನೀರೊಳಗಿದ್ದಂತೆ ಅಲುಗುತ್ತಿದ್ದವು.

'ಸಾಹೇಬ್ರ' ಎಂದಿದ್ದರೆ
ಆ ಸುರಂಗದಲ್ಲಿ ಮೂವರಿದ್ದೆವು,
ಮೂವರೂ ತಿರುಗಿ ನೋಡುತ್ತಿದ್ದೆವು.
ಚಿದ್ಯಾ ಒಬ್ಬನೇ.

ಹಾಗೆ ಕರೆಯುತ್ತಿದ್ದವಳೂ ಒಬ್ಬಳೇ, ಅವ್ವ.
ಹೋಗಿ ಏಳು ವರ್ಷ.
ನೌಕರಿಗೆ ಸೇರಿದ ಹೊಸತರಲ್ಲಿ
ಲಿಂಗಸುಗೂರಿನಿಂದ ಬಸ್ಸು ಹತ್ತಿ ಬಂದು
ಗೇಟಿನಲ್ಲಿ ನಿಂತು ಕೂಗಿದ್ದಳು,
"ಚಿದ್ಯಾ, ಬುತ್ತಿ ಮರ್ತು ಬಂದೀ ನೋಡು!"
ಪಾಳಿಯ ಸಾಲಿಗೆ ಸಾಲೇ ಈ ಕಡೆ ತಿರುಗಿತ್ತು,
ನಕ್ಕೂ ನಗದ ಹಾಗೆ.
ನಾಚಿಕೆಗೆ ಅವಳನ್ನೇ ಗದರಿಸಿ ಕಳಿಸಿದ್ದೆ.
ರೊಟ್ಟಿ ಬೆಚ್ಚಗಿದ್ದವು.

ಆ ಸಾಲಿನಲ್ಲಿದ್ದ ಒಬ್ಬ ಟಿಂಬರ್ ಮೇಸ್ತ್ರಿ
ಹದಿಮೂರು ವರ್ಷ ಆ ಹೆಸರನ್ನು
ರುಮಾಲಿನ ತುದಿಗೆ ಗಂಟು ಹಾಕಿದ ರೂಪಾಯಿಯಂತೆ
ಖರ್ಚು ಮಾಡದೆ ಇಟ್ಟುಕೊಂಡಿದ್ದ.

ಮಾರನೇ ದಿನ ನನ್ನ ಮೇಜಿನ ಮೇಲೆ ಅರ್ಜಿ.
ಶಾಲೆಯ ನೋಟ್‌ಬುಕ್ಕಿನ ಹಾಳೆ,
ಯಾವುದೋ ಹುಡುಗಿಯ ದುಂಡನೆಯ ಅಕ್ಷರ:
"ಮಾನ್ಯರೇ,
ನಿನ್ನೆ ದಿವಸ ಪಾಳಿಯಲ್ಲಿ ತಮ್ಮನ್ನು ಏಕವಚನದಲ್ಲಿ ಕೂಗಿದ್ದು
ನನ್ನಿಂದಾದ ತಪ್ಪು. ಇನ್ನೊಮ್ಮೆ ಹೀಗಾಗುವುದಿಲ್ಲ.
ತಾವು ದೊಡ್ಡ ಮನಸ್ಸು ಮಾಡಬೇಕು.
ಇಂತಿ ತಮ್ಮ ವಿಧೇಯ,
ಟೋಕನ್ ನಂಬರ್ ೧೧೪೭"

ಇನ್ನೊಮ್ಮೆ ಹೀಗಾಗುವುದಿಲ್ಲ.
ಕಲ್ಲು ಬಿದ್ದಾಗ ಹೆದರದವನು
ಆ ಸಾಲಿಗೆ ಹೆದರಿದೆ.

ಉತ್ತರ ಬರೆಯಲು ಕೂತೆ.
'ಶ್ರೀ' ಎಂದು ಬರೆದು ನಿಂತೆ.
ಹಾಜರಿ ಪುಸ್ತಕ ತರಿಸಬಹುದಿತ್ತು,
ಬೆರಳಿಟ್ಟು ನಂಬರು ಹುಡುಕಬಹುದಿತ್ತು.
ಆದರೆ ಒಬ್ಬ ತಾಯಿಯ ಬಾಯಿಂದ ಕೇಳಿಟ್ಟುಕೊಂಡ ಹೆಸರಿಗೆ
ರಿಜಿಸ್ಟರಿನ ಹೆಸರನ್ನು
ಚಿಲ್ಲರೆಯಂತೆ ಮರಳಿಸಲು
ಮನಸ್ಸಾಗಲಿಲ್ಲ.

ಇವತ್ತು ಕೇಜಿನಲ್ಲಿ ಅವನ,
ಅವರ ಪಕ್ಕ ನಿಂತಿದ್ದೆ.
ಬೀಡಿ, ಗ್ರೀಸು, ಒದ್ದೆ ಕಟ್ಟಿಗೆಯ ವಾಸನೆ.
ಗಂಟೆ ಮೂರು ಸಲ ಬಾರಿಸಿತು,
ಮೇಲಿನ ಬೆಳಕು ಹಣೆಯ ಬೊಟ್ಟಿನಷ್ಟಾಯಿತು.
"ನಿಮ್ಮ ಹೆಸರೇನ್ರೀ?" ಎಂದೆ.
ನನ್ನ ಬಾಯಲ್ಲಿ ಆ 'ರೀ'
ಕಟ್ಟಿಸಿಕೊಂಡ ಹೊಸ ಹಲ್ಲಿನಂತೆ ತಾಕಿತು.

ಅವರು ತಿರುಗಲಿಲ್ಲ.
ಪಕ್ಕದಲ್ಲಿ ಇನ್ಯಾರೋ ಸಾಹೇಬರು ಇರಬೇಕೆಂದು,
ಮಾತು ಅವರಿಗಿರಬೇಕೆಂದು,
ಕತ್ತಲಲ್ಲಿ ಸ್ವಲ್ಪ ಸರಿದು
ಜಾಗ ಬಿಟ್ಟರು.