ನೋಟೀಸಿನ ಹೆಗ್ಗಣ

ದಾವಣಗೆರೆ ಪಾಲಿಕೆಯಿಂದ ನೋಟೀಸು ಬಂದಾಗ
ದಾದಾಪೀರ್ ಭಟ್ಟಿಯ ಒಲೆಗೆ ಹೊಟ್ಟು ಸುರಿಯುತ್ತಿದ್ದ.
ಹಾಳೆ ಇಂಗ್ಲಿಷಿನಲ್ಲಿತ್ತು. ಲೆಕ್ಕ ಬರೆಯುವವನು ನಾನು, ಓದಿದೆ:
ದಾಸ್ತಾನು ಕೋಣೆಯಲ್ಲಿ ಬ್ಯಾಂಡಿಕೂಟ್ ಕಾಟ,
ಏಳು ದಿನದಲ್ಲಿ ನಿವಾರಿಸದಿದ್ದರೆ
ಐನೂರು ರೂಪಾಯಿ ದಂಡ.

"ಅದೇನ್ರೀ ಅದು, ಬಂಡೀನೋ ಕೋಟೋ?"
ಅಂದ, ಮಸಿ ಹಿಡಿದ ಹುಬ್ಬು ಏರಿಸಿ.
ನನಗೂ ಗೊತ್ತಿರಲಿಲ್ಲ.
ಗೊತ್ತಿಲ್ಲದವನ ಗತ್ತಿನಲ್ಲಿ
"ಯಾವುದೋ ವಿಲಾಯ್ತಿ ರೋಗ" ಅಂದೆ.

ಮೊರದಲ್ಲಿ ಮಂಡಕ್ಕಿ ಕೇರುತ್ತಿದ್ದ ಓಬಳಮ್ಮ,
ಮೊಳಕಾಲ್ಮೂರಿನ ಕಡೆಯವಳು, ಮನೆಮಾತು ತೆಲುಗು,
"ಇನ್ನೊಮ್ಮೆ ಅನ್ರಿ" ಅಂದಳು. ಅಂದೆ.
ಮೊರ ಕೆಳಗಿಟ್ಟು ನಕ್ಕಳು
ಎಲೆಯಡಿಕೆಯ ಹಲ್ಲು ಪೂರಾ ಕಾಣುವ ಹಾಗೆ:
"ಪಂದಿಕೊಕ್ಕು! ನಮ್ಮ ಪಂದಿಕೊಕ್ಕು ಕಣಪ್ಪಾ, ಹೆಗ್ಗಣ!"

ರಾತ್ರಿ ಮಗಳ ನಿಘಂಟು ತೆರೆದೆ. ನಿಜ.
ಪಂದಿ ಅಂದರೆ ಹಂದಿ, ಕೊಕ್ಕು ಅಂದರೆ ಇಲಿ.
ಯಾವ ದೊರೆ, ಯಾವ ಉಗ್ರಾಣದಲ್ಲಿ,
ಯಾವ ಹಮಾಲನ ಬಾಯಿಂದ ಕೇಳಿ ಬರೆದುಕೊಂಡನೋ
ಅದು ಅಲ್ಲಿಲ್ಲ.
ಕಿವಿಗೆ ಬಿದ್ದದ್ದು ಪ, ಕಾಗದಕ್ಕೆ ಇಳಿದದ್ದು ಬ.
ಆಮೇಲೆ ಹಡಗು. ಆಸ್ಟ್ರೇಲಿಯಾದಲ್ಲಿ
ಹೊಟ್ಟೆಗೆ ಚೀಲವಿರುವ ಪ್ರಾಣಿಯೊಂದು,
ಹೆಗ್ಗಣಕ್ಕೆ ನೆಂಟನೂ ಅಲ್ಲ,
ಇದೇ ಹೆಸರು ಹೊತ್ತು ಹುಳ ಕೆದಕುತ್ತದಂತೆ.

ನನ್ನ ನಿದ್ದೆ ಕೆಡಿಸಿದ್ದು ಬೇರೆ.
ಹಿಂದೆ ನಮ್ಮದೂ ಪಂದಿಯೇ.
ಪಾಲು ಹಾಲಾಯಿತು, ಪಾವು ಹಾವಾಯಿತು,
ತುಟಿ ಕೂಡಿಸಿ ಬಿಡಿಸುವ ಕೆಲಸ ಸಾಕಾಗಿ
ನಾವು ಬರೀ ಉಸಿರು ಬಿಟ್ಟೆವು.
ಓಬಳಮ್ಮನ ತುಟಿ ಇನ್ನೂ ಕೂಡುತ್ತದೆ.
ಪಾಲಿಕೆಯ ಹಾಳೆಯಲ್ಲೂ ಕೂಡುತ್ತದೆ.
ನಡುವೆ ನಾನು, ಬಾಯಿ ತೆರೆದುಕೊಂಡು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ,
ಬೆಳಿಗ್ಗೆ ಇದನ್ನೆಲ್ಲ ಹೇಳಿದರೆ ಅವಳೇನೂ ಮುದ್ದಾಡಲಿಲ್ಲ.
"ಮಾತು ನಮ್ದು, ಹೆಗ್ಗಣ ನಮ್ದು.
ದಂಡಾನೂ ನಮ್ದೇ ಏನು?
ಇಷ್ಟು ವರ್ಷ ಬಳಸಿದ್ದಕ್ಕೆ ಬಾಡಿಗೆ ಕೇಳ್ರಿ."

ದಾದಾಪೀರ್ ಕಾದ ಉಸುಕಿಗೆ ಅಕ್ಕಿ ಸುರಿದ.
ಅದು ಅರಳುವ ಸದ್ದಿನಲ್ಲಿ ಅವನು ಅಂದದ್ದು ಕೇಳಲಿಲ್ಲ.
ಅರ್ಜಿಗೆ ಕೂತೆ: ಮಾನ್ಯರೇ,
ತಾವು ನಮೂದಿಸಿರುವ
ಅಲ್ಲಿಗೆ ಪೆನ್ನು ನಿಂತಿತು.
ಚೀಲಗಳ ಹಿಂದೆ ಏನೋ ಸರಿದಾಡಿತು,
ಮೂರು ಭಾಷೆಗೂ ಓಗೊಡದೆ.