ಜಬೀವುಲ್ಲಾನ ಚೀಟಿ

ಸಿಗರೇಟು ಪ್ಯಾಕು ಬಿಚ್ಚಿ, ಒಳಮೈ ಮೇಲೆ
ನೀಲಿ ಪೆನ್ನಿನಲ್ಲಿ ಬರೆದಿದ್ದಾನೆ.
ಅಕ್ಷರ ಎಡಕ್ಕೆ ವಾಲಿವೆ, ಎರಡು ಕಡೆ ಗ್ರೀಸಿನ ಹೆಬ್ಬೆಟ್ಟು,
ಅಂಕಿ ಮಾತ್ರ ನೆಟ್ಟಗೆ ನಿಂತಿವೆ.

ಹೊಳಲ್ಕೆರೆ ರಸ್ತೆಯ ಗ್ಯಾರೇಜಿನ ಮುಂದೆ
ಟಯರಿನ ಮೇಲೆ ಕೂತು ಓದುತ್ತೇನೆ.
ಸಾಮಾನು ತಂದ ಹುಡುಗ ಕೇಳುತ್ತಾನೆ, "ಓನರ್ ಎಲ್ಲಮ್ಮಾ?"
"ಟಯರಿನ ಮೇಲೆ ಕೂತಾರೆ ನೋಡಪ್ಪ."

ಕ್ಲಚ್ ಸೆಟ್ಟು, ಆರು ಸಾವಿರದ ಎಂಟುನೂರು.
ಒಪ್ಪಿದೆ. ಮೊನ್ನೆ ಕುರುಮರಡಿಕೆರೆ ಗುಡ್ಡದ ಏರಿನಲ್ಲಿ
ಎಂಜಿನ್ನು ಕೂಗುತ್ತಿತ್ತು, ಚಕ್ರ ಕೇಳಿಸಿಕೊಳ್ಳುತ್ತಿರಲಿಲ್ಲ.
ಹಿಂದೆ ಕೂತ ಫ್ಯಾನಿನ ಹುಡುಗರು
ಯಾರ ಮನೇಲೋ ಸಾರು ಸೀದಿದೆ ಅಂದರು.
ಆ ಗುಡ್ಡದಲ್ಲಿ ಮನೆಯೇ ಇಲ್ಲ.

ಎರಡನೇ ಗೇರು ನಿಲ್ಲೋದಿಲ್ಲ.
ಮೂರು ವರ್ಷ ಎಡಗೈಲಿ ಒತ್ತಿ ಹಿಡಿದೇ ಓಡಿಸಿದ್ದೇನೆ,
ಮೊಂಡು ಕರುವಿನ ಕಿವಿ ಹಿಡಿದ ಹಾಗೆ.
ಬಿಟ್ಟರೆ ಟಪ್ಪಂತ ನ್ಯೂಟ್ರಲ್ಲು.
ಬೆವರು ಒರೆಸಲು ಕೈ ಇಲ್ಲದಾಗ
ಪಾಲಯ್ಯ ಪಕ್ಕದಿಂದ ಟವೆಲ್ಲು ಚಾಚುತ್ತಾನೆ.
ಕ್ಲೀನರು. ಅವನ ಸಂಬಳ ಈ ಚೀಟಿಯಲ್ಲಿಲ್ಲ.
ರಿಂಗು, ಹಲ್ಲು, ಬಿಚ್ಚಿ ಕಟ್ಟುವ ಕೂಲಿ: ಹನ್ನೊಂದೂವರೆ ಸಾವಿರ.

ಡೀಸೆಲ್ ಪಂಪು ದಾವಣಗೆರೆಗೆ ಹೋಗಬೇಕು,
ಗೋಣಿ ಸುತ್ತಿಕೊಂಡು, ಬಸ್ಸಿನಲ್ಲಿ,
ಟಿಕೇಟಿಲ್ಲದ ಕೂಸಿನ ಹಾಗೆ ನನ್ನ ತೊಡೆ ಮೇಲೆ.
ಒಂಬತ್ತು ಸಾವಿರ.
ಸೀರೆಗೆ ಹತ್ತುವ ಎಣ್ಣೆ ಬೇರೆ.

ತಳದ ತಗಡು ತುಕ್ಕು ತಿಂದು ರಸ್ತೆ ಕಾಣುತ್ತದೆ.
ರುದ್ರಮುನಿಯ ಹದಿನೇಳರ ಸ್ಪ್ಯಾನರು
ಆ ತೂತಿನಲ್ಲಿ ಬಿದ್ದದ್ದು ಶ್ರಾವಣದಲ್ಲಿ.
ದೀಪಾವಳಿಗೆ ಏಳನೇ ತಿರುವಿನಲ್ಲಿ ಸಿಕ್ಕಿತು,
ಗಾಡಿಯ ಬಣ್ಣಕ್ಕೇ ತಿರುಗಿತ್ತು.
ಗಾಡಿಗೂ ತನ್ನ ಬಣ್ಣವೆಂಬುದಿಲ್ಲ:
ಭೂವಿಜ್ಞಾನ ಇಲಾಖೆ ಹರಾಜಿಗಿಟ್ಟದ್ದು,
ಪ್ರತಿ ಬೇಸಿಗೆ ಬಾಗಿಲ ಬಳಿದ ಬಣ್ಣ ಸುಲಿದು
ಒಂದು "ಭೂ" ಹೊರಗೆ ಬರುತ್ತದೆ.

ಕಮಾನು ಪಟ್ಟಿ, ಜಾಯಿಂಟ್ ಕ್ರಾಸು, ಲೈನರು, ರೇಡಿಯೇಟರು...
ಕೆಳಗೆ ಗೆರೆ. ಗೆರೆಯ ಕೆಳಗೆ ನಲವತ್ತೊಂದು ಸಾವಿರದ ಮುನ್ನೂರೈವತ್ತು.

ಚಳ್ಳಕೆರೆ ಗೇಟಿನ ಗುಜರಿ ಸತ್ತಾರ್ ಸಾಬರು
ಕಲ್ಲಂಗಡಿ ಬಡಿದು ನೋಡಿದ ಹಾಗೆ ಬಾನೆಟ್ಟು ಬಡಿದಿದ್ದರು:
ಕಿಲೋಗೆ ಇಪ್ಪತ್ತೆಂಟು, ಹದಿನೇಳು ಕ್ವಿಂಟಲ್ ಬರುತ್ತೆ.
ಪ್ಯಾಕಿನ ಅಂಚಿನಲ್ಲಿ ನಾನೇ ಗುಣಿಸಿದೆ, ಕಳೆದೆ.
ಆರು ಸಾವಿರದ ಇನ್ನೂರೈವತ್ತು ಮಿಕ್ಕಿತು.
ಅಷ್ಟು ಮಾತ್ರ ಗಾಡಿ. ಬಾಕಿಯೆಲ್ಲ ಬಿಲ್ಲು.

ಹೋದ ಮಳೆಗಾಲ ಕಂಪನಿಯವರು ಹೊಸ ಪಿಕಪ್ಪು ಕಳಿಸಿದ್ದರು,
ಕಿಟಕಿಗೆ ಇನ್ನೂ ಪ್ಲಾಸ್ಟಿಕ್ಕು ಅಂಟಿದ್ದು.
ಒಂಬತ್ತನೇ ತಿರುವಿನ ಕೆಮ್ಮಣ್ಣಿನಲ್ಲಿ ಕೂತುಬಿಟ್ಟಿತು.
ಸರಪಳಿ ಕಟ್ಟಿ, ಗಿಡ್ಡ ಲಿವರು ಹಿಂದಕ್ಕೆಳೆದೆ.
ನಾಲ್ಕೂ ಚಕ್ರ ಒಟ್ಟಿಗೆ ಮಣ್ಣು ಕಚ್ಚಿದವು.
ಅದರ ಡ್ರೈವರು ನನ್ನ ಮುಖ ನೋಡಲಿಲ್ಲ.

"ಅದೊಂದಕ್ಕೆ ಕೈ ಹಾಕಿಲ್ಲ ಅಕ್ಕಾ," ಅನ್ನುತ್ತಾನೆ ಜಬೀವುಲ್ಲಾ
ಗಾಡಿಯ ಕೆಳಗಿಂದ, ಚಪ್ಪಲಿ ಮಾತ್ರ ಕಾಣುತ್ತಾ.
"ಅದು ಕೆಟ್ರೆ ನನ್ನ ಕರೀಬ್ಯಾಡ್ರಿ.
ಅದರ ಸಾಮಾನು ಈಗ ಯಾರೂ ಮಾಡಲ್ಲ."

ಮೊತ್ತದ ಕೆಳಗೆ ಇನ್ನೊಂದು ಸಾಲಿದೆ.
"ಸದ್ದು", ಅದರ ಮುಂದೆ ಅಂಕಿ ಇಲ್ಲ.
"ಇದೇನೋ?"
"ಐತೆ. ಎಲ್ಲಿಂದ ಅಂತ ಗೊತ್ತಾಗ್ತಿಲ್ಲ.
ನಲವತ್ತಕ್ಕೆ ಬರ್ತದೆ, ಐವತ್ತಕ್ಕೆ ಹೋಗ್ತದೆ."

ಐದು ಸಾವಿರ ಮುಂಗಡ ಎಣಿಸಿ
ಅವನ ಚಪ್ಪಲಿಯ ಪಕ್ಕ ಸ್ಕ್ರೂಡ್ರೈವರಿನ ಕೆಳಗಿಟ್ಟೆ.
ಈ ಗಾಡಿ ಐವತ್ತು ಮುಟ್ಟಿದ್ದನ್ನು
ನಾನು ಕಂಡಿಲ್ಲ.